ಸೈನ್ಯವೇ ಇರಲಿಲ್ಲ ಅಂದಮೇಲೆ ಆ ಪೆರೇಡ್ ಯಾರದು?

ವರ್ಷಕ್ಕೆ ಎರಡು ಸಲ ಈ ಮಾತು ತಪ್ಪದೆ ಬರುತ್ತದೆ. ಒಮ್ಮೆ ಏಪ್ರಿಲ್‌ನಲ್ಲಿ, ನಾವು ಬಾಬಾಸಾಹೇಬರ ಜಯಂತಿಗೆ ನೀಲಿ ಬಾವುಟ ಕಟ್ಟುವ ಹೊತ್ತಿಗೆ. ಇನ್ನೊಮ್ಮೆ ಅಕ್ಟೋಬರ್‌ನಲ್ಲಿ, ಧಮ್ಮದೀಕ್ಷೆಯ ದಿನ. ಯಾರೋ ಒಬ್ಬ ಪುಣ್ಯಾತ್ಮ ಗ್ರೂಪಿಗೆ ಉದ್ದನೆಯ ಫಾರ್ವರ್ಡ್ ತಂದು ಹಾಕ್ತಾನೆ. ಅದರ ಸಾರ ಇಷ್ಟು: ಅಶೋಕ ಬೌದ್ಧನಾದ, ಅಹಿಂಸೆ ಅಂತ ಕೂತ, ಸೈನಿಕರ ಕೈಯಿಂದ ಕತ್ತಿ ಇಳಿಸಿದ, ದೇಶದ ಶೌರ್ಯ ಸತ್ತುಹೋಯಿತು, ಯವನರು ನುಗ್ಗಿದರು, ಆಗ ಪುಷ್ಯಮಿತ್ರ ಶುಂಗನೆಂಬ ವೀರ ಬಂದು ದೇಶ ಉಳಿಸಿದ. ಕೆಳಗೆ ಕೈ ಮುಗಿಯುವ ಎಮೋಜಿ, ಒಂದು ಬಾವುಟ, "ಎಲ್ಲರಿಗೂ ಶೇರ್ ಮಾಡಿ".

ಇದನ್ನು ಹಾಕುವವರೆಲ್ಲ ಶಾಖೆಗೆ ಹೋಗಿ ಬಂದವರು ಅಂದುಕೊಳ್ಳಬೇಡಿ. ನಮ್ಮ ಕೇರಿಯ ಹುಡುಗರೂ ಹಾಕ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮ ಮಕ್ಕಳು "ಮೌರ್ಯರ ಪತನಕ್ಕೆ ಕಾರಣಗಳು" ಅನ್ನೋ ಪ್ರಶ್ನೆಗೆ ಮೊದಲನೇ ಪಾಯಿಂಟ್ ಆಗಿ "ಅಶೋಕನ ಅಹಿಂಸಾ ನೀತಿ" ಅಂತ ಬಾಯಿಪಾಠ ಮಾಡ್ತಾರೆ. ಅದಕ್ಕೇ ಇದನ್ನು ಬರೀತಿದ್ದೇನೆ. ಉದ್ದ ಇದೆ, ತಾಳ್ಮೆಯಿಂದ ಓದಿ.

ಮೊದಲು ಒಂದು ಸಣ್ಣ ಪ್ರಶ್ನೆ. ಕೊನೆಯ ಮೌರ್ಯ ದೊರೆ ಬೃಹದ್ರಥ ಸತ್ತದ್ದು ಹೇಗೆ? ಯವನರ ಬಾಣ ತಾಗಿಯೇ? ಕೋಟೆ ಮುತ್ತಿಗೆಯಲ್ಲೇ? ಅಲ್ಲ. ಕ್ರಿ.ಪೂ. 185ರ ಸುಮಾರಿಗೆ ಅವನದೇ ಸೇನಾಪತಿ ಪುಷ್ಯಮಿತ್ರ ಅವನನ್ನು ಕೊಂದ. ಹೇಗೆ ಕೊಂದ ಅನ್ನೋದನ್ನು ಹೇಳಿರುವವನು ಬೌದ್ಧ ಭಿಕ್ಖು ಅಲ್ಲ, ದಲಿತ ಹೋರಾಟಗಾರನೂ ಅಲ್ಲ. 7ನೇ ಶತಮಾನದ ಬಾಣಭಟ್ಟ, ತನ್ನ 'ಹರ್ಷಚರಿತ'ದಲ್ಲಿ. ಸೈನ್ಯ ತೋರಿಸುತ್ತೇನೆ ಅಂತ ನೆಪ ಹೇಳಿ, ಇಡೀ ಪಡೆಯನ್ನು ಸಾಲಾಗಿ ನಿಲ್ಲಿಸಿ, ನೋಡಲು ಬಂದ ಒಡೆಯನನ್ನೇ ಸೇನಾಪತಿ ಮುಗಿಸಿದ ಅನ್ನುತ್ತಾನೆ ಬಾಣ. ಬೃಹದ್ರಥ ಕೊಟ್ಟ ಮಾತು ಉಳಿಸಿಕೊಳ್ಳಲಾಗದ ದುರ್ಬಲ ಅಂತಲೂ ಹೇಳ್ತಾನೆ, ಅದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಆದರೆ ಕೊಂದವನನ್ನು ಅದೇ ಬಾಣ ಕರೆದದ್ದು 'ಅನಾರ್ಯ' ಅಂತ. ಬ್ರಾಹ್ಮಣನಾದ ಬಾಣಭಟ್ಟನಿಗೇ ಆ ಕೆಲಸ ಹೊಲಸು ಅನ್ನಿಸಿತ್ತು. ಇವತ್ತಿನ ಫಾರ್ವರ್ಡ್ ವೀರರಿಗೆ ಅದೇ ಶೌರ್ಯ!

ಈಗ ನನ್ನ ಪ್ರಶ್ನೆ. ಅಶೋಕನ ಅಹಿಂಸೆಯಿಂದ ಮೌರ್ಯ ಸೈನ್ಯ ಕರಗಿ ಹೋಗಿತ್ತು ಅಂತೀರಿ. ಹಾಗಾದರೆ ಅವನು ಸತ್ತು 47 ವರ್ಷ ಆದಮೇಲೂ ಆ ಮೈದಾನದಲ್ಲಿ ಸಾಲಾಗಿ ನಿಂತಿದ್ದ ಪಡೆ ಯಾರದು ಸ್ವಾಮಿ? ಬಾಡಿಗೆಗೆ ತಂದಿದ್ದರಾ? ಪೆರೇಡ್ ಮಾಡಿಸುವಷ್ಟು ಸೈನ್ಯ ಇತ್ತು. ಅದಕ್ಕೆ ಸೇನಾಪತಿ ಇದ್ದ. ರಾಜನನ್ನು ಕೊಲ್ಲುವಾಗ ತಡೆಯದೆ ನಿಲ್ಲುವಷ್ಟು ಆ ಸೈನ್ಯ ಸೇನಾಪತಿಯ ಮುಷ್ಟಿಯಲ್ಲಿತ್ತು. ಕತ್ತಿ ಇಲ್ಲದೆ ಸಾಯಲಿಲ್ಲ ಆ ಸಾಮ್ರಾಜ್ಯ. ಕತ್ತಿ ಯಾರ ಕೈಯಲ್ಲಿತ್ತೋ ಅವನೇ ತಿರುಗಿಸಿದ.

ಇನ್ನು ಅಶೋಕ ಕತ್ತಿ ಕೆಳಗಿಟ್ಟ ಅನ್ನೋ ಮಾತು. ಅವನು ಬರೆಸಿದ ಶಾಸನಗಳು ಕಣ್ಣೆದುರೇ ಇವೆ, ಓದೋಣ. ಕ್ರಿ.ಪೂ. 261ರ ಸುಮಾರಿಗೆ ಕಳಿಂಗ ಯುದ್ಧ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು ಅಂತ ಅವನೇ 13ನೇ ಬಂಡೆಶಾಸನದಲ್ಲಿ ಲೆಕ್ಕ ಕೊಟ್ಟು, ಪಶ್ಚಾತ್ತಾಪ ಪಟ್ಟ. ಗೆದ್ದ ರಾಜ ತಾನು ಮಾಡಿದ ಸಾವಿನ ಲೆಕ್ಕವನ್ನು ಕಲ್ಲಿನ ಮೇಲೆ ಕೊರೆಸಿ ನಾಚಿಕೊಂಡದ್ದು ಲೋಕದ ಚರಿತ್ರೆಯಲ್ಲೇ ಅಪರೂಪ. ಆದರೆ ಅವನು ಕಳಿಂಗವನ್ನು ವಾಪಸ್ ಕೊಡಲಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ ಎಚ್ಚರಿಕೆಯನ್ನೂ ಕೊಟ್ಟ: ನನಗೆ ಪಶ್ಚಾತ್ತಾಪ ಆಗಿದೆ ಅಂತ ನನ್ನ ಕೈಯಲ್ಲಿ ಶಕ್ತಿ ಇಲ್ಲ ಅಂದುಕೊಳ್ಳಬೇಡಿ ಅನ್ನೋ ಧಾಟಿ ಅದು. ಆದಿವಾಸಿಗಳ ಕಡೆ ನಿಂತು ಓದಿದರೆ ಆ ಸಾಲು ಇವತ್ತಿಗೂ ಕಹಿ. ಮರಣದಂಡನೆಯನ್ನೂ ಅವನು ತೆಗೆಯಲಿಲ್ಲ. 4ನೇ ಸ್ತಂಭಶಾಸನದಲ್ಲಿ ಮರಣದಂಡನೆಗೆ ಗುರಿಯಾದವರಿಗೆ 3 ದಿನದ ಗಡುವು ಕೊಟ್ಟ, ಅಷ್ಟೇ. ಅರಮನೆಯ ಅಡುಗೆಮನೆಗೆ ಮೊದಲು ಸಾವಿರಾರು ಪ್ರಾಣಿ ಬೀಳುತ್ತಿದ್ದವು, ಈಗ ಎರಡು ನವಿಲು, ಒಂದು ಜಿಂಕೆ, ಅದೂ ದಿನಾ ಇಲ್ಲ ಅಂತ 1ನೇ ಬಂಡೆಶಾಸನದಲ್ಲಿ ಹೇಳಿಕೊಳ್ಳುತ್ತಾನೆ. ಸೈನ್ಯ ವಿಸರ್ಜಿಸಿದೆ ಅಂತ ಒಂದೇ ಒಂದು ಶಾಸನದಲ್ಲೂ ಇಲ್ಲ. ಇದ್ದರೆ ತೋರಿಸಿ.

ಯವನರ ಕತೆಗೆ ಬನ್ನಿ. ಅಶೋಕ ಆಳಿದ್ದು ಸುಮಾರು ಕ್ರಿ.ಪೂ. 268ರಿಂದ 232ರವರೆಗೆ, 36 ವರ್ಷ. ಆ ಕಾಲದಲ್ಲಿ ಯಾವ ಗ್ರೀಕ್ ದೊರೆ ದಂಡೆತ್ತಿ ಬಂದ? ಯಾರೂ ಇಲ್ಲ. ಇವತ್ತಿನ ಅಫ್ಘಾನಿಸ್ತಾನದ ಕಂದಹಾರ್‌ನಲ್ಲಿ ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿ ಅಶೋಕನ ಶಾಸನ ಸಿಕ್ಕಿದೆ. ಗ್ರೀಕ್ ಮಾತಾಡುವ ಜನ ಅವನ ಪ್ರಜೆಗಳಾಗಿದ್ದರು. ಗಡಿ ಸಡಿಲವಾದದ್ದು ಅವನ ನಂತರ. ಕ್ರಿ.ಪೂ. 206ರ ಸುಮಾರಿಗೆ ಸಿರಿಯಾದ ಮೂರನೇ ಆಂಟಿಯೋಕಸ್ ಹಿಂದೂಕುಶ್ ದಾಟಿ ಬಂದಾಗ ಅವನಿಗೆ ಎದುರಾದದ್ದು ಪಾಟಲಿಪುತ್ರದ ದೊರೆ ಅಲ್ಲ. ಗ್ರೀಕರು ಸೋಫಗಸೇನಸ್ ಅಂತ ಬರೆದ ಒಬ್ಬ ಸ್ಥಳೀಯ ಅರಸ, ಬಹುಶಃ ಸುಭಾಗಸೇನ. ಅವನೂ ಯುದ್ಧ ಮಾಡದೆ ಸ್ನೇಹ ನವೀಕರಿಸಿ ಆನೆ ಕೊಟ್ಟು ಕಳಿಸಿದ. ಅಂದರೆ ಪುಷ್ಯಮಿತ್ರನಿಗೆ 20 ವರ್ಷ ಮೊದಲೇ ವಾಯವ್ಯ ಭಾಗ ಕೈ ತಪ್ಪಿತ್ತು.

ಹಾಗಾದರೆ "ದೇಶ ಉಳಿಸಿದ" ಪುಷ್ಯಮಿತ್ರ ಅದನ್ನು ವಾಪಸ್ ತಂದನೇ? ಅವನ ಮೊಮ್ಮಗ ವಸುಮಿತ್ರ ಸಿಂಧೂ ದಡದಲ್ಲಿ ಯವನರನ್ನು ಸೋಲಿಸಿದ ಅಂತ ಕಾಳಿದಾಸನ 'ಮಾಲವಿಕಾಗ್ನಿಮಿತ್ರ' ನಾಟಕ ಹೇಳುತ್ತದೆ. ಸರಿ, ಒಂದು ಕಾಳಗ ಗೆದ್ದಿರಲಿ. ಆದರೆ ಅದೇ ಶತಮಾನದಲ್ಲಿ ಸಾಗಲ, ಅಂದರೆ ಇವತ್ತಿನ ಸಿಯಾಲ್‌ಕೋಟ್, ಯಾರ ರಾಜಧಾನಿ? ಯವನ ದೊರೆ ಮಿನಾಂಡರನದು. ಅವನೇ ಭಿಕ್ಖು ನಾಗಸೇನನ ಎದುರು ಕೂತು ಪ್ರಶ್ನೆ ಕೇಳಿದ 'ಮಿಲಿಂದಪಞ್ಹ'ದ ಮಿಲಿಂದ. ಮೌರ್ಯರ ಕೈಯಲ್ಲಿ ಕಂದಹಾರ್‌ನಿಂದ ನಮ್ಮ ಚಿತ್ರದುರ್ಗದವರೆಗೆ ಇದ್ದ ರಾಜ್ಯ, ಶುಂಗರ ಕೈಯಲ್ಲಿ ಗಂಗಾ ಬಯಲು ಮತ್ತು ವಿದಿಶಾದ ಸುತ್ತಮುತ್ತಲಿಗೆ ಕುಗ್ಗಿತು. ಕಳಿಂಗದಲ್ಲಿ ಮುಂದೆ ಖಾರವೇಲ ಎದ್ದ, ದಖ್ಖನ್‌ನಲ್ಲಿ ಶಾತವಾಹನರು ಬೆಳೆದರು. ಇನ್ನೂ ತಮಾಷೆ ಅಂದರೆ, ಅದೇ ವಿದಿಶಾದಲ್ಲಿ ಭಾಗಭದ್ರನೆಂಬ ರಾಜನ ಆಸ್ಥಾನಕ್ಕೆ ಯವನ ದೊರೆಯ ರಾಯಭಾರಿ ಹೆಲಿಯೊಡೋರಸ್ ಬಂದು, ವಾಸುದೇವನ ಭಕ್ತನಾಗಿ ಗರುಡಗಂಬ ನೆಡಿಸಿದ. ಆ ಕಂಬ ಇವತ್ತಿಗೂ ನಿಂತಿದೆ. ಭಾಗಭದ್ರ ಶುಂಗರವನೇ ಅನ್ನೋದು ಬಹಳ ಇತಿಹಾಸಕಾರರ ಅಭಿಪ್ರಾಯ. ಯವನರನ್ನು ಓಡಿಸಿದ ವಂಶದ ಮನೆಗೇ ಯವನ ರಾಯಭಾರಿ! ರಾಜಕಾರಣ ಅಂದರೆ ಹೀಗೇ. ಅದನ್ನು ಧರ್ಮಯುದ್ಧ ಅಂತ ಮಾರುವುದು ಆಮೇಲಿನವರ ವ್ಯಾಪಾರ.

ಆ ವ್ಯಾಪಾರಕ್ಕೂ ಒಂದು ಇತಿಹಾಸ ಇದೆ. 20ನೇ ಶತಮಾನದ ಮೊದಲ ಭಾಗದಲ್ಲಿ ದೊಡ್ಡ ದೊಡ್ಡ ವಿದ್ವಾಂಸರೇ, ಡಿ.ಆರ್. ಭಂಡಾರ್ಕರ್, ಹೇಮಚಂದ್ರ ರಾಯಚೌಧುರಿ ಅಂಥವರು, ಅಶೋಕನ ಧಮ್ಮನೀತಿಯಿಂದ ಸೈನ್ಯದ ಕಸುವು ಹೋಯಿತು ಅಂತ ಬರೆದರು. ಅದನ್ನು ರಾಜಕೀಯ ಆಯುಧ ಮಾಡಿದವರು ಸಾವರ್ಕರ್. ತಮ್ಮ ಕೊನೆಯ ವರ್ಷಗಳಲ್ಲಿ ಬರೆದ ಭಾರತೀಯ ಇತಿಹಾಸದ ಆರು ಸುವರ್ಣ ಪುಟಗಳ ಪುಸ್ತಕದಲ್ಲಿ ಒಂದು ಪುಟ ಪುಷ್ಯಮಿತ್ರನಿಗೆ ಮೀಸಲು. ಅಶೋಕನಿಗೆ ಸಿಕ್ಕಿದ್ದು ಬೈಗುಳ. ಇವತ್ತಿನ ಫಾರ್ವರ್ಡ್ ಅದರದೇ ಸಂಕ್ಷಿಪ್ತ ರೂಪ, ಓದದೆ ಹಂಚಲು ಅನುಕೂಲ ಆಗುವಂತೆ.

ಇದು ಬರೀ ಇತಿಹಾಸದ ಜಗಳ ಆಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 2200 ವರ್ಷದ ಹಿಂದೆ ಯಾರು ಯಾರನ್ನು ಕೊಂದರೆ ನಮಗೇನು, ಎರಡು ಹೊತ್ತಿನ ಊಟಕ್ಕೆ ದುಡಿಯುವ ಜನ ನಾವು. ಆದರೆ ಈ ಸುಳ್ಳಿನ ಒಳಗೆ ಇನ್ನೊಂದು ಮಾತು ಅಡಗಿದೆ. ಕರುಣೆ ಅಂದರೆ ದೌರ್ಬಲ್ಯ. ಸಮಾನತೆ ತಂದರೆ ದೇಶ ಬೀಳುತ್ತದೆ. ಇದನ್ನು ಒಪ್ಪಿಸಿಬಿಟ್ಟರೆ ಮುಂದಿನದೆಲ್ಲ ಸಲೀಸು. ಮೀಸಲಾತಿಯಿಂದ ದೇಶ ಹಾಳಾಯ್ತು, ಮೆರಿಟ್ ಸತ್ತುಹೋಯ್ತು, ದೌರ್ಜನ್ಯ ತಡೆ ಕಾಯ್ದೆಯಿಂದ ಊರಿನ ಸಾಮರಸ್ಯ ಕೆಟ್ಟಿತು ಅಂತ ಹೇಳ್ತಾರಲ್ಲ, ಎಲ್ಲ ಒಂದೇ ಬೇರಿನ ಕೊಂಬೆಗಳು. ಅಶೋಕನನ್ನು ಬೈಯುವವನ ಕಣ್ಣು ಅಶೋಕನ ಮೇಲಿಲ್ಲ ಗೆಳೆಯರೇ, ಸಂವಿಧಾನದ 14ನೇ ಮತ್ತು 17ನೇ ವಿಧಿಗಳ ಮೇಲಿದೆ.

ಯಾಕೆ ಹೀಗೆ ಹೇಳ್ತೀನಿ ಅಂದರೆ, ಅಶೋಕನ ಆಡಳಿತದಲ್ಲಿ ನಿಜವಾಗಿ ಚುಚ್ಚಿದ ಮುಳ್ಳು ಅಹಿಂಸೆ ಅಲ್ಲ. 4ನೇ ಸ್ತಂಭಶಾಸನದಲ್ಲಿ ಎರಡು ಪದ ಇವೆ: ವ್ಯವಹಾರ ಸಮತೆ, ದಂಡ ಸಮತೆ. ವಿಚಾರಣೆಯಲ್ಲಿ ಸಮಾನತೆ, ಶಿಕ್ಷೆಯಲ್ಲಿ ಸಮಾನತೆ. ಇದರ ಅರ್ಥ ರಾಜ್ಯದ ಎಲ್ಲ ಕಡೆ ಒಂದೇ ರೀತಿಯ ವಿಧಾನ ಇರಲಿ ಅಂತ ಅಷ್ಟೇ, ಜಾತಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಕೆಲವು ವಿದ್ವಾಂಸರು ವಾದ ಮಾಡ್ತಾರೆ. ಆ ವಾದವನ್ನೇ ಒಪ್ಪಿಕೊಳ್ಳಿ. ಒಂದೇ ರೀತಿಯ ವಿಧಾನ ಅಂದಮೇಲೆ ಹುಟ್ಟು ನೋಡಿ ಶಿಕ್ಷೆ ಕೊಡುವುದಕ್ಕೆ ಜಾಗ ಎಲ್ಲಿ ಉಳಿಯಿತು?

ಈಗ ಮನುಸ್ಮೃತಿ ತೆಗೆಯಿರಿ. ವಿದ್ವಾಂಸರು ಅದಕ್ಕೆ ಕ್ರಿ.ಪೂ. 2ನೇ ಶತಮಾನದಿಂದ ಕ್ರಿ.ಶ. 3ನೇ ಶತಮಾನದ ನಡುವಿನ ಕಾಲ ಹೇಳ್ತಾರೆ. ಅಂದರೆ ಮೌರ್ಯರ ರಾಜ್ಯ ಮುಗಿಯುವ ಹೊತ್ತಿನಿಂದ ಈಚೆಗೆ. 8ನೇ ಅಧ್ಯಾಯ ನೋಡಿ. ಬೇರೆಯವರಿಗೆ ಮರಣದಂಡನೆ ಆಗುವ ತಪ್ಪಿಗೆ ಬ್ರಾಹ್ಮಣನಿಗೆ ತಲೆ ಬೋಳಿಸಿದರೆ ಸಾಕು. ದ್ವಿಜನನ್ನು ಬೈದ ಶೂದ್ರನಿಗೆ ನಾಲಿಗೆ ಕತ್ತರಿಸಬೇಕು. 12ನೇ ಅಧ್ಯಾಯದಲ್ಲಿ ಇನ್ನೊಂದು ಮಾತು: ವೇದಶಾಸ್ತ್ರ ಬಲ್ಲವನು ಸೇನಾಪತಿ ಪಟ್ಟಕ್ಕೂ ರಾಜ್ಯಕ್ಕೂ ಅರ್ಹ. ಅಲ್ಲ, ಧರ್ಮಶಾಸ್ತ್ರ ಬರೆಯುವವನಿಗೆ ಸೇನಾಪತಿ ಪಟ್ಟದ ನೆನಪು ಯಾಕೆ ಬಂತು? ಈ ಪ್ರಶ್ನೆಯನ್ನು ನೇರವಾಗಿ ಕೇಳಿದವರು ಬಾಬಾಸಾಹೇಬರು.

'ಪ್ರಾಚೀನ ಭಾರತದಲ್ಲಿ ಕ್ರಾಂತಿ ಮತ್ತು ಪ್ರತಿಕ್ರಾಂತಿ' ಅನ್ನೋ ಅವರ ಹಸ್ತಪ್ರತಿ ಪೂರ್ತಿಯಾಗಲಿಲ್ಲ. ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ ಬರಹಗಳ 3ನೇ ಸಂಪುಟದಲ್ಲಿ ಅಚ್ಚಾಯಿತು. ಬುದ್ಧನದು ಕ್ರಾಂತಿ, ಪುಷ್ಯಮಿತ್ರನ ಕೊಲೆ ಪ್ರತಿಕ್ರಾಂತಿ, ಮನುಸ್ಮೃತಿ ಆ ಪ್ರತಿಕ್ರಾಂತಿಯ ಕಾನೂನು ಪುಸ್ತಕ ಅನ್ನೋದು ಅವರ ವಾದ. ಅವರಿಗಿಂತ ಮೊದಲೇ ಬಂಗಾಳದ ಹರಪ್ರಸಾದ ಶಾಸ್ತ್ರಿ ಮೌರ್ಯರ ಪತನದ ಹಿಂದೆ ಬ್ರಾಹ್ಮಣ ಪ್ರತಿರೋಧ ಇತ್ತು ಅಂತ ಬರೆದಿದ್ದರು. ಅವರೇನು ಅಂಬೇಡ್ಕರ್‌ವಾದಿ ಅಲ್ಲ, ಹೆಸರೇ ಹೇಳುತ್ತೆ. ಇದಕ್ಕೆ ರಾಯಚೌಧುರಿ ಉತ್ತರ ಕೊಟ್ಟರು: ಬ್ರಾಹ್ಮಣರಿಗೆ ಮೌರ್ಯರ ಮೇಲೆ ಸಿಟ್ಟಿದ್ದರೆ, ಬ್ರಾಹ್ಮಣನೇ ಮೌರ್ಯರ ಸೇನಾಪತಿ ಹೇಗಾದ? ಒಳ್ಳೆಯ ಪ್ರಶ್ನೆ. ನಾನು ಅದನ್ನೇ ತಿರುಗಿಸಿ ಓದುತ್ತೇನೆ. ಅಶೋಕನ ವಂಶ ಬ್ರಾಹ್ಮಣರನ್ನು ದೂರ ಇಡಲಿಲ್ಲ. ಶ್ರಮಣರನ್ನೂ ಬ್ರಾಹ್ಮಣರನ್ನೂ ಗೌರವಿಸಿ ಅಂತ ಶಾಸನದಲ್ಲಿ ಮತ್ತೆ ಮತ್ತೆ ಬರೆಸಿದ. ಅವನ ವಂಶದವರು ಇಡೀ ಸೈನ್ಯವನ್ನೇ ನಂಬಿ ಒಬ್ಬ ಬ್ರಾಹ್ಮಣನ ಕೈಗೆ ಕೊಟ್ಟರು. ಸಿಕ್ಕ ಪ್ರತಿಫಲ ಆ ಪೆರೇಡ್ ಮೈದಾನದಲ್ಲಿ ಸಿಕ್ಕಿತು. ಬೌದ್ಧ ದೊರೆಗಳು ಬ್ರಾಹ್ಮಣರನ್ನು ತುಳಿದರು ಅಂತ ಅಳುವವರು ಇದನ್ನು ಒಮ್ಮೆ ಯೋಚಿಸಲಿ.

ಸಿಂಹಾಸನ ಹತ್ತಿದ ಮೇಲೆ ಪುಷ್ಯಮಿತ್ರ ಮಾಡಿದ್ದೇನು? ಅಶ್ವಮೇಧ. ಒಂದಲ್ಲ, ಎರಡು. ಇದು ಕಟ್ಟುಕತೆ ಅಲ್ಲ, ಅಯೋಧ್ಯೆಯಲ್ಲಿ ಸಿಕ್ಕ ಧನದೇವನ ಶಾಸನದಲ್ಲಿದೆ. ಆ ಶಾಸನ ಅವನನ್ನು ರಾಜ ಅನ್ನೋದಿಲ್ಲ, ಸೇನಾಪತಿ ಅಂತಲೇ ಕರೆಯುತ್ತದೆ. ಯಜ್ಞಕ್ಕಾಗಿ ಪ್ರಾಣಿ ಕೊಲ್ಲಬಾರದು ಅಂತ ಅಶೋಕ ಮೊದಲ ಬಂಡೆಶಾಸನದಲ್ಲೇ ಬರೆಸಿದ್ದ. ಅದೇ ಪಾಟಲಿಪುತ್ರದ ಒಡೆತನ ಸಿಕ್ಕ ಕೂಡಲೇ ಅತಿ ದೊಡ್ಡ ಪ್ರಾಣಿಯಜ್ಞ. ಇದು ಭಕ್ತಿ ಮಾತ್ರ ಅಲ್ಲ, ಹಳೆಯ ಆದೇಶ ರದ್ದಾಯಿತು ಅಂತ ಡಂಗುರ ಹೊಡೆಸಿದ ಹಾಗೆ.

ಇಲ್ಲಿಯವರೆಗೆ ಓದಿ "ಸರಿಯಾಗಿ ಹೇಳಿದ್ರಿ ಅಣ್ಣ" ಅನ್ನುವ ನಮ್ಮವರಿಗೂ ಎರಡು ಮಾತು ಇದೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲನೆಯದು. ಒಬ್ಬೊಬ್ಬ ಭಿಕ್ಖುವಿನ ತಲೆಗೆ ಪುಷ್ಯಮಿತ್ರ 100 ದೀನಾರ ಘೋಷಿಸಿದ ಅನ್ನೋ ಕತೆಯನ್ನು ನಮ್ಮ ಭಾಷಣಗಳಲ್ಲಿ ಶಾಸನದ ಹಾಗೆ ಹೇಳ್ತೇವೆ. ಅದು ಇರುವುದು 'ಅಶೋಕಾವದಾನ'ದಲ್ಲಿ. ದೀನಾರ ಅನ್ನೋ ನಾಣ್ಯದ ಹೆಸರೇ ರೋಮನ್ನರ ಕಡೆಯಿಂದ ಬಂದದ್ದು, ಪುಷ್ಯಮಿತ್ರನ ಕಾಲಕ್ಕೆ ಇಲ್ಲಿ ಚಲಾವಣೆಯಲ್ಲಿ ಇರಲಿಲ್ಲ. ಆ ಗ್ರಂಥ ಪುಷ್ಯಮಿತ್ರನನ್ನೇ ಮೌರ್ಯ ವಂಶದವನು ಅನ್ನುತ್ತದೆ. ಬೌದ್ಧರ ನೆನಪಿನಲ್ಲಿ ಉಳಿದ ನೋವು ಅದರಲ್ಲಿದೆ, ಅದಕ್ಕೆ ಬೆಲೆ ಇದೆ. ಆದರೆ ಅದನ್ನೇ ಮೊದಲ ಸಾಕ್ಷಿಯಾಗಿ ಇಟ್ಟರೆ ಎದುರಿನವನು "ದೀನಾರ ಎಲ್ಲಿಂದ ಬಂತು?" ಅಂತ ಒಂದೇ ಪ್ರಶ್ನೆಯಲ್ಲಿ ಇಡೀ ವಾದವನ್ನು ಉರುಳಿಸ್ತಾನೆ. ನಮ್ಮ ಹತ್ತಿರ ಗಟ್ಟಿ ಸಾಕ್ಷಿಗಳೇ ಇವೆ: ಬಾಣನ ಸಾಲು, ಅಯೋಧ್ಯೆಯ ಶಾಸನ, ಅಶೋಕನ ದಂಡ ಸಮತೆ, ಮನುವಿನ ದಂಡ ತಾರತಮ್ಯ. ಗಟ್ಟಿ ಕಲ್ಲು ಕೈಯಲ್ಲಿರುವಾಗ ಮಣ್ಣುಹೆಂಟೆ ಯಾಕೆ ಎಸೆಯಬೇಕು?

ಎರಡನೆಯದು ಇನ್ನೂ ಮುಖ್ಯ. ಎಲ್ಲವನ್ನೂ ಒಬ್ಬ ಪುಷ್ಯಮಿತ್ರನ ತಲೆಗೆ ಕಟ್ಟಿ ಸುಮ್ಮನಾಗಬೇಡಿ. ಮನೆ ಗಟ್ಟಿ ಇದ್ದಿದ್ದರೆ ಒಬ್ಬ ಸೇನಾಪತಿ ಒಂದು ಬೆಳಿಗ್ಗೆ ಅದನ್ನು ಬೀಳಿಸಲು ಆಗುತ್ತಿರಲಿಲ್ಲ. ಅಶೋಕನ ನಂತರ ಯಾರು ಬಂದರು ಅನ್ನೋದರಲ್ಲೇ ಒಂದು ಪುರಾಣಕ್ಕೂ ಇನ್ನೊಂದಕ್ಕೂ ತಾಳೆ ಇಲ್ಲ. ಕುನಾಲ, ದಶರಥ, ಸಂಪ್ರತಿ, ಶಾಲಿಶೂಕ, ಹೀಗೆ ಹೆಸರು ಉದುರುತ್ತವೆ. ದಶರಥನ ಶಾಸನ ಬಿಹಾರದ ನಾಗಾರ್ಜುನಿ ಗುಡ್ಡದ ಗುಹೆಗಳಲ್ಲಿದೆ, ಆಜೀವಕರಿಗೆ ದಾನ ಕೊಟ್ಟದ್ದು. ಉಳಿದವರದು ಹೆಚ್ಚುಕಡಿಮೆ ಬರೀ ಹೆಸರು. ರಾಜ್ಯ ಹಂಚಿಹೋಗಿತ್ತು ಅನ್ನುವ ಇತಿಹಾಸಕಾರರೂ ಇದ್ದಾರೆ. ಡಿ.ಡಿ. ಕೊಸಾಂಬಿಯವರು ಅಚ್ಚು ಒತ್ತಿದ ಬೆಳ್ಳಿ ನಾಣ್ಯಗಳನ್ನು ಪರೀಕ್ಷಿಸಿ, ಮೌರ್ಯರ ಕೊನೆಗಾಲದಲ್ಲಿ ತಾಮ್ರದ ಬೆರಕೆ ಹೆಚ್ಚಿತ್ತು ಅಂದರು, ಬೊಕ್ಕಸ ಬರಿದಾಗುತ್ತಿತ್ತು ಅನ್ನೋದಕ್ಕೆ ಅದನ್ನು ಗುರುತಾಗಿ ಓದಿದರು. ಮೌರ್ಯರು ಚಿನ್ನದ ಆಸೆಗೆ ದೇವರ ವಿಗ್ರಹ ಮಾಡಿಸಿದರು ಅಂತ ವ್ಯಾಕರಣಕಾರ ಪತಂಜಲಿಯೂ ಚುಚ್ಚಿದ್ದಾನೆ.

ರೋಮಿಲಾ ಥಾಪರ್ 1961ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಬೇರೆ ಕಡೆ ಬೆರಳಿಟ್ಟರು. ಅಷ್ಟು ದೊಡ್ಡ ಆಡಳಿತ ಒಬ್ಬ ರಾಜನ ಸುತ್ತ ಹೆಣೆದಿತ್ತು. ಅಧಿಕಾರಿಗಳ ನಿಷ್ಠೆ ರಾಜನಿಗೆ, ರಾಜ್ಯಕ್ಕಲ್ಲ. ರಾಜ ಬದಲಾದರೆ ಎಲ್ಲವೂ ಅಲುಗಾಡುತ್ತಿತ್ತು. ಬಹುಜನ ಚಳವಳಿಯವರು ಮೌರ್ಯರ ಕತೆಯಿಂದ ಕಲಿಯಬೇಕಾದ ಪಾಠ ನನಗೆ ಕಾಣುವುದು ಇಲ್ಲೇ. ಅಶೋಕನ ಸಮತೆ ರಾಜನ ಕೈಯಿಂದ ಕೆಳಗೆ ಇಳಿದು ಬಂದದ್ದು. ಪ್ರಜೆಗಳೆಲ್ಲ ನನ್ನ ಮಕ್ಕಳು ಅಂತ ಹೇಳುವ ರಾಜ ಒಳ್ಳೆಯವನೇ ಇರಬಹುದು. ಆದರೆ ಮಕ್ಕಳ ಕೈಯಲ್ಲಿ ಏನೂ ಇರಲಿಲ್ಲ. ಅಪ್ಪ ಸತ್ತ, ಮನೆ ಬದಲಾಯಿತು.

ನಮ್ಮ ನೆಲದ ಸಾಕ್ಷಿಯನ್ನೇ ನೋಡಿ. ಆ ಮಕ್ಕಳ ಮಾತು ಇರುವ ಶಾಸನ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿದೆ. ಯಾರನ್ನೂ ಕಾರಣವಿಲ್ಲದೆ ಬಂಧನದಲ್ಲಿ ಇಡಬೇಡಿ, ಹಿಂಸೆ ಕೊಡಬೇಡಿ ಅಂತ ಅಧಿಕಾರಿಗಳಿಗೆ ತಾಕೀತು ಮಾಡುವ ಶಾಸನ ಅದು. ಲಾಕಪ್ ಸಾವುಗಳ ಸುದ್ದಿ ಓದುವ ನಮಗೆ ಅದರ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೆ ಆ ಕಲ್ಲು ಸಿಕ್ಕಿದ್ದು ಎಲ್ಲಿ? ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯಲ್ಲಿ, ವಿಗ್ರಹದ ಕೆಳಗೆ ಪೀಠವಾಗಿ. ಗುಡಿಯ ಚಾವಣಿ ಕುಸಿದು, 1980ರ ದಶಕದ ಕೊನೆಯಲ್ಲಿ ಅದು ಬೆಳಕಿಗೆ ಬಂತು. ಅದನ್ನು ಪೀಠ ಮಾಡಿದವರಿಗೆ ಬ್ರಾಹ್ಮೀ ಲಿಪಿ ಬರುತ್ತಿರಲಿಲ್ಲ, ಬೇಕೆಂದೇ ಮಾಡಿದರು ಅಂತ ನಾನು ಹೇಳೋದಿಲ್ಲ. ಅದಕ್ಕಿಂತ ಭಯಂಕರವಾದದ್ದು ಏನು ಗೊತ್ತಾ? ಯಾರೂ ಬೇಕೆಂದು ಮಾಡುವ ಅಗತ್ಯವೇ ಇರಲಿಲ್ಲ. ಓದುವವರು ಇಲ್ಲವಾದರೆ ಸಾಕು. ರಾಜಾಜ್ಞೆಯೂ ಚಪ್ಪಡಿ ಕಲ್ಲಾಗುತ್ತದೆ.

ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಬಂಡೆಯಲ್ಲಿ ಇನ್ನೊಂದು ಮಾತಿದೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆದೇಶ ಅದು. ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಹಾಕಿಕೊಂಡಿದ್ದಾನೆ. ಸ್ವರ್ಗ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಸಣ್ಣವನೂ ಶ್ರಮಪಟ್ಟರೆ ಅದನ್ನು ಪಡೆಯಬಲ್ಲ ಅನ್ನುತ್ತದೆ ಆ ಶಾಸನ. ಹುಟ್ಟಿನ ಮಾತೇ ಇಲ್ಲ, ಪುರೋಹಿತನ ಮಾತೂ ಇಲ್ಲ. ಸಣ್ಣವನು, ಅವನ ಶ್ರಮ, ಅಷ್ಟೇ. ಇಂಥ ಮಾತು ನಮ್ಮ ನೆಲದ ಬಂಡೆಯ ಮೇಲೆ 2200 ವರ್ಷಗಳಿಂದ ಇದೆ. ಅದೇ ನೆಲದಲ್ಲಿ ಅದಾದ ಮೇಲೆ ಎಷ್ಟು ತಲೆಮಾರು ನಮ್ಮವರು ಊರ ಹೊರಗೆ ಬದುಕಿದರು ಅಂತ ಲೆಕ್ಕ ಹಾಕಿ. ಬಂಡೆಯ ಮೇಲೆ ಇದ್ದರೆ ಸಾಲದು ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಾ?

ಹಾಗಾದರೆ ಏನು ಉಳಿಯಿತು? ಜನ ತಾವೇ ಕಟ್ಟಿದ್ದು ಉಳಿಯಿತು. ಭರ್ಹುತ್ ಸ್ತೂಪದ ತೋರಣ ಶುಂಗರ ಆಳ್ವಿಕೆಯಲ್ಲಿ ಎದ್ದದ್ದು ಅಂತ ಅದರ ಶಾಸನವೇ ಹೇಳುತ್ತದೆ. ಸಾಂಚಿಯ ದೊಡ್ಡ ಸ್ತೂಪ ಇವತ್ತಿನ ಗಾತ್ರಕ್ಕೆ ಬೆಳೆದದ್ದೂ ಮೌರ್ಯರು ಬಿದ್ದ ಮೇಲೆ. "ನೋಡಿ, ಶುಂಗರು ಬೌದ್ಧರಿಗೆ ಎಷ್ಟು ಒಳ್ಳೆಯವರು" ಅಂತ ಕೆಲವರು ಇದನ್ನೇ ಹಿಡಿದು ಬರ್ತಾರೆ. ಆ ಕಲ್ಲಿನ ಬೇಲಿಗಳ ಮೇಲೆ ಯಾರ ಹೆಸರಿದೆ ಅಂತ ಓದಿದ್ದೀರಾ ಸ್ವಾಮಿ? ರಾಜರ ಹೆಸರು ತೀರಾ ಕಡಿಮೆ. ಇರುವುದು ಭಿಕ್ಖುಗಳದು, ಭಿಕ್ಖುಣಿಯರದು, ವ್ಯಾಪಾರಿಗಳದು, ಕುಶಲಕರ್ಮಿಗಳದು, ಊರೂರಿನ ಹೆಂಗಸರದು. ಸಾಂಚಿಯ ದಕ್ಷಿಣದ ತೋರಣದಲ್ಲಿ ವಿದಿಶಾದ ದಂತ ಕೆತ್ತುವ ಕಸುಬಿನವರ ಹೆಸರಿದೆ. ಒಬ್ಬೊಬ್ಬರು ಒಂದೊಂದು ಕಲ್ಲು ಕೊಟ್ಟರು. ನಮ್ಮ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಶಾತವಾಹನರ ಕಾಲದ ಸ್ತೂಪದಲ್ಲಿ ಅಶೋಕನ ಶಿಲ್ಪ ಇದೆ, ಪಕ್ಕದಲ್ಲೇ ಹೆಸರೂ ಕೊರೆದಿದೆ. ಅವನ ವಂಶ ಅಳಿದು ಎಷ್ಟೋ ಕಾಲ ಆದಮೇಲೆ, ಅವನಿಂದ ಏನೂ ಸಿಗುವ ಆಸೆ ಇಲ್ಲದಾಗ, ಭೀಮಾ ತೀರದ ಜನ ಅವನನ್ನು ನೆನಪಿಟ್ಟುಕೊಂಡರು. ಸಾಮ್ರಾಜ್ಯ ಹೋಯಿತು, ಧಮ್ಮ ಹೋಗಲಿಲ್ಲ. ರಾಜನ ಕೈಯಿಂದ ಜನರ ಕೈಗೆ ಬಂದಷ್ಟು ಭಾಗ ಬದುಕಿತು.

ಅಂದಹಾಗೆ, ಶುಂಗರ ಕೊನೆಯನ್ನೂ ಹೇಳಿಬಿಡ್ತೀನಿ, ಫಾರ್ವರ್ಡ್‌ನಲ್ಲಿ ಅದು ಇರೋದಿಲ್ಲ. ಪುರಾಣಗಳ ಲೆಕ್ಕದಲ್ಲಿ ಅವರು ಆಳಿದ್ದು 112 ವರ್ಷ. ಮೌರ್ಯರ 137 ವರ್ಷಕ್ಕಿಂತ ಕಡಿಮೆ. ಕೊನೆಯ ಶುಂಗ ದೇವಭೂತಿಯನ್ನು ಅವನ ಸ್ವಂತ ಮಂತ್ರಿ ವಾಸುದೇವ ಕಣ್ವ ಕೊಲ್ಲಿಸಿದ. ಒಡೆಯನನ್ನು ಕೊಂದು ಶುರುವಾದ ಮನೆತನ, ಸೇವಕನ ಕೈಯಲ್ಲೇ ಮುಗಿಯಿತು. ಅಲ್ಲಿ ಅಹಿಂಸೆ ಇರಲಿಲ್ಲ, ಬೌದ್ಧ ಧಮ್ಮ ಇರಲಿಲ್ಲ, ಅಶ್ವಮೇಧ ಎರಡೆರಡು ಇತ್ತು. ಆದರೂ ಬಿತ್ತು. ಈ ಪತನಕ್ಕೆ ಯಾವ ಪಾಯಿಂಟ್ ಬರೆಸ್ತೀರಿ ಮಕ್ಕಳ ಕೈಲಿ?

ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆಗೆ ಅಶೋಕ ವಿಜಯದಶಮಿಯನ್ನೇ ಆರಿಸಿಕೊಂಡರು. ಅಷ್ಟು ಗೌರವ ಅಶೋಕನ ಮೇಲೆ. ಆದರೆ ಅವರು ಇನ್ನೊಬ್ಬ ಅಶೋಕ ಬರಲಿ ಅಂತ ಕಾಯಲಿಲ್ಲ. ದಂಡ ಸಮತೆಯನ್ನು ಒಬ್ಬನ ಕರುಣೆಯಿಂದ ಬಿಡಿಸಿ, ಕಾನೂನಿನ ಮುಂದೆ ಎಲ್ಲರೂ ಸಮಾನರು ಅನ್ನೋ ಹಕ್ಕಾಗಿ 14ನೇ ವಿಧಿಯಲ್ಲಿ ಕೂರಿಸಿದರು. ರಾಜಕೀಯದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂತ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲೇ ಎಚ್ಚರಿಸಿದರು. ಸಾರನಾಥದ ಸಿಂಹಗಳು ನಮ್ಮ ಲಾಂಛನ, ಧಮ್ಮಚಕ್ರ ನಮ್ಮ ಬಾವುಟದಲ್ಲಿದೆ. ಒಳ್ಳೆಯದೇ. ಆದರೆ ಲಾಂಛನವೂ ಒಂದು ಕಲ್ಲೇ. ಓದುವವರು ಇಲ್ಲವಾದರೆ ಅದರ ಮೇಲೂ ಏನನ್ನಾದರೂ ಕೂರಿಸಿಬಿಡ್ತಾರೆ.

2018 ನೆನಪಿದೆಯಾ? ಮಾರ್ಚ್ 20ರಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ ದೌರ್ಜನ್ಯ ತಡೆ ಕಾಯ್ದೆಯ ಹಲ್ಲು ಸಡಿಲವಾಯಿತು. ಏಪ್ರಿಲ್ 2ರಂದು ದೇಶದಾದ್ಯಂತ ನಮ್ಮ ಜನ ಬೀದಿಗೆ ಇಳಿದರು. ಜೀವಗಳೂ ಹೋದವು. ಅದೇ ಆಗಸ್ಟ್‌ನಲ್ಲಿ ಸಂಸತ್ತು ತಿದ್ದುಪಡಿ ತಂದು ಕಾಯ್ದೆಯನ್ನು ಮೊದಲಿನಂತೆ ಮಾಡಬೇಕಾಯಿತು. ಯಾವ ದೊರೆಯ ಕರುಣೆ ಅದು? ಯಾರದೂ ಅಲ್ಲ. ಬೃಹದ್ರಥನ ಮೈದಾನದಲ್ಲಿ ಇಲ್ಲದೇ ಇದ್ದದ್ದು ಇದೇ. ಅಲ್ಲಿ ರಾಜ ಇದ್ದ, ಸೈನ್ಯ ಇತ್ತು, ಸೇನಾಪತಿ ಇದ್ದ. ಸಮತೆ ತನ್ನದು ಅಂತ ಎದ್ದು ನಿಲ್ಲುವ ಜನ ಮಾತ್ರ ಇರಲಿಲ್ಲ.

ಇನ್ನು ಮುಂದೆ ಆ ಫಾರ್ವರ್ಡ್ ಬಂದರೆ ಗ್ರೂಪ್ ಬಿಟ್ಟು ಹೋಗಬೇಡಿ, ಬೈಯಲೂ ಬೇಡಿ. ಒಂದೇ ಪ್ರಶ್ನೆ ಹಾಕಿ: ಆ ಪೆರೇಡ್‌ನಲ್ಲಿ ನಿಂತಿದ್ದ ಸೈನ್ಯ ಎಲ್ಲಿಂದ ಬಂತು? ಉತ್ತರಕ್ಕೆ ಕಾಯಿರಿ. ಕಾಯುವ ಹೊತ್ತಿನಲ್ಲಿ ನಿಮ್ಮ ಮನೆಯ ಮಕ್ಕಳನ್ನು ಮಸ್ಕಿಗೋ ಬ್ರಹ್ಮಗಿರಿಗೋ ಸನ್ನತಿಗೋ ಒಮ್ಮೆ ಕರೆದುಕೊಂಡು ಹೋಗಿ. ಮಸ್ಕಿಯ ಬಂಡೆಯಲ್ಲಿ 'ಅಶೋಕ' ಅನ್ನೋ ಹೆಸರೇ ಇದೆ, 1915ರಲ್ಲಿ ಅದು ಸಿಕ್ಕ ಮೇಲೇ ಶಾಸನಗಳ ದೇವಾನಾಂಪ್ರಿಯ ಅಶೋಕನೇ ಅನ್ನೋದು ಖಚಿತವಾದದ್ದು. ಆ ಅಕ್ಷರ ತೋರಿಸಿ. ಆಮೇಲೆ ಮನೆಗೆ ಬಂದು ಸಂವಿಧಾನದ 14ನೇ ವಿಧಿಯನ್ನು ಜೋರಾಗಿ ಓದಿಸಿ.

ಜೈಭೀಮ್.